ಐಪಿ ಕಾನೂನಿನ ಮೇಷ್ಟ್ರು ಶಮ್ನಾದ್ ಬಶೀರ್: ಪದೇ ಪದೇ ಕೇಳುವ ಪ್ರಶ್ನೆಗಳು

ಲಾ ಓದುತ್ತಿರುವವರು, ಅವರ ಅಪ್ಪ ಅಮ್ಮಂದಿರು, ಎಂಜಿನಿಯರಿಂಗ್ ಮುಗಿಸಿ ಪೇಟೆಂಟ್ ಕಡೆ ಮುಖ ಮಾಡಿದವರು ಕೇಳುತ್ತಲೇ ಇರುವ ಪ್ರಶ್ನೆಗಳಿವು. "ಐಪಿ ಪ್ರೊಫೆಸರ್ ಅಂದ್ರೆ ಏನು ಕೆಲಸ ಸಾರ್?" ಅಂತ ಸುಮ್ನೆ ಕೇಳಿದರೆ ಉತ್ತರ ಹೇಳೋದು ಕಷ್ಟ. (ಐಪಿ ಅಂದ್ರೆ ಬೌದ್ಧಿಕ ಆಸ್ತಿ: ಪೇಟೆಂಟ್, ಕಾಪಿರೈಟ್ ಥರದ ಹಕ್ಕುಗಳು.) ಒಬ್ಬರ ವೃತ್ತಿಯನ್ನು ಮುಂದಿಟ್ಟುಕೊಂಡರೆ ಸಲೀಸು. ಅದಕ್ಕೆ ಶಮ್ನಾದ್ ಬಶೀರ್ ಅವರನ್ನು ಆರಿಸಿಕೊಂಡಿದ್ದೇನೆ. ಅವರ ಎಲ್ಲ ನಿಲುವುಗಳನ್ನೂ ಒಪ್ಪಬೇಕು ಅಂತೇನಿಲ್ಲ.

ಶಮ್ನಾದ್ ಬಶೀರ್ ಯಾರು?

1976ರಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿದವರು. ಕಾನೂನು ಓದಿದ್ದು ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನಲ್ಲಿ. ಆಮೇಲೆ ದೆಹಲಿಯಲ್ಲಿ ಆನಂದ್ ಅಂಡ್ ಆನಂದ್ ಎಂಬ ಐಪಿ ಲಾ ಫರ್ಮ್‌ನಲ್ಲಿ ವಕೀಲಿಕೆ. ಅಲ್ಲಿಂದ ಆಕ್ಸ್‌ಫರ್ಡ್‌ಗೆ ಹೋಗಿ ಬಿಸಿಎಲ್ ಎಂಬ ಕಾನೂನಿನ ಸ್ನಾತಕೋತ್ತರ ಪದವಿ, ಅದರ ಮೇಲೆ ಸಂಶೋಧನೆ. ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಪಾಠ. 2008ರಲ್ಲಿ ಭಾರತಕ್ಕೆ ವಾಪಸ್ ಬಂದು ಕೋಲ್ಕತ್ತಾದ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಎನ್‌ಯುಜೆಎಸ್‌ನಲ್ಲಿ ಐಪಿ ಪ್ರೊಫೆಸರ್ ಆದರು. 2014ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಬಂತು. ಅದನ್ನು ಕೊಡುವ ಪ್ರತಿಷ್ಠಾನ ಬೆಂಗಳೂರಿನದೇ. ಮಾನವಿಕ ವಿಭಾಗದಲ್ಲಿ ಕಾನೂನಿನವರಿಗೆ ಸಿಗುವುದು ಅಪರೂಪ.

ಬೌದ್ಧಿಕ ಆಸ್ತಿ ಅಂದ್ರೆ ಸೈಟು, ತೋಟದ ಥರದ ಆಸ್ತಿನಾ?

ಅರ್ಧ ಹೌದು. ಮಾರಬಹುದು, ಬಾಡಿಗೆಗೆ ಕೊಟ್ಟ ಹಾಗೆ ಲೈಸೆನ್ಸ್ ಕೊಡಬಹುದು, ಅತಿಕ್ರಮಣ ಆದರೆ ಕೋರ್ಟಿಗೆ ಹೋಗಬಹುದು. ಆದರೆ ತೋಟ ಮೊಮ್ಮಕ್ಕಳವರೆಗೂ ಉಳಿಯುತ್ತೆ, ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತೆ. ಜೊತೆಗೆ ಪೇಟೆಂಟ್‌ಗೆ ಒಂದು ಷರತ್ತೂ ಇದೆ: ಹಕ್ಕು ತಗೊಂಡ ಮೇಲೆ ಆ ಆವಿಷ್ಕಾರ ಜನರ ಉಪಯೋಗಕ್ಕೆ ಬರಬೇಕು. ಬಶೀರ್ ಅವರ ಕೆಲಸದ ಒಂದು ಮುಖ್ಯ ಭಾಗ ಈ ಷರತ್ತಿನ ಸುತ್ತ ನಡೆಯಿತು.

ಕಾನೂನಿನಲ್ಲಿ "ಸಂಶೋಧನೆ" ಅಂದ್ರೆ ಏನು ಮಾಡ್ತಾರೆ? ಲ್ಯಾಬ್ ಇರಲ್ಲ, ಪ್ರಯೋಗ ಇರಲ್ಲ...

ಇದು ನನಗೆ ತುಂಬಾ ಇಷ್ಟದ ಪ್ರಶ್ನೆ. ಹೆಚ್ಚಿನವರು ಅಂದುಕೊಂಡಿರೋದು ಹಳೇ ತೀರ್ಪುಗಳನ್ನು ಓದಿ, ಅವುಗಳ ಬಗ್ಗೆ ಅಡಿಟಿಪ್ಪಣಿ ತುಂಬಿದ ಲೇಖನ ಬರೆಯೋದು ಅಂತ. ಅದೂ ಇದೆ. ಆದರೆ ಬಶೀರ್ ಮಾಡಿದ ಒಂದು ಕೆಲಸ ನೋಡಿ.

ಪೇಟೆಂಟ್ ಕಾಯ್ದೆಯಲ್ಲಿ 146ನೇ ಸೆಕ್ಷನ್ ಇದೆ. ಅದರ ಪ್ರಕಾರ ಪೇಟೆಂಟ್ ಇಟ್ಟುಕೊಂಡವರು ಆಗಾಗ ಪೇಟೆಂಟ್ ಕಚೇರಿಗೆ ಲೆಕ್ಕ ಒಪ್ಪಿಸಬೇಕು. ಆ ಲೆಕ್ಕದ ಕಾಗದದ ಹೆಸರು ಫಾರ್ಮ್ 27. ಹಳೇ ಫಾರ್ಮ್‌ನಲ್ಲಿ ಕೇಳುತ್ತಿದ್ದದ್ದು ಹೀಗೆ: ನಿಮ್ಮ ಆವಿಷ್ಕಾರವನ್ನು ಈ ವರ್ಷ ಭಾರತದಲ್ಲಿ ಬಳಕೆಗೆ ತಂದಿರಾ, ಇಲ್ಲವಾ? ಇಲ್ಲ ಅಂದರೆ ಕಾರಣ ಏನು? ತಂದಿದ್ದರೆ ಎಷ್ಟು ಪ್ರಮಾಣ, ರೂಪಾಯಿಯಲ್ಲಿ ಎಷ್ಟು ಬೆಲೆ? ಇಲ್ಲೇ ತಯಾರಿಸಿದ್ದೆಷ್ಟು, ಹೊರಗಿನಿಂದ ತರಿಸಿದ್ದೆಷ್ಟು, ಯಾವ ದೇಶದಿಂದ? ಯಾರಿಗಾದರೂ ಲೈಸೆನ್ಸ್ ಕೊಟ್ಟಿದ್ದೀರಾ? ಕೊನೆಯಲ್ಲಿ ಒಂದು ಪ್ರಶ್ನೆ: ಜನರ ಬೇಡಿಕೆಯನ್ನು ಸರಿಯಾದ ಬೆಲೆಗೆ ಸ್ವಲ್ಪ ಮಟ್ಟಿಗೆ ಪೂರೈಸಿದ್ದೀರಾ, ಸಾಕಷ್ಟು ಪೂರೈಸಿದ್ದೀರಾ, ಪೂರ್ತಿ ಪೂರೈಸಿದ್ದೀರಾ?

ಫಾರ್ಮ್ ಕೊಡದಿದ್ದರೆ ಆಗ 10 ಲಕ್ಷ ರೂಪಾಯಿವರೆಗೆ ದಂಡ ಇತ್ತು. ಸುಳ್ಳು ಬರೆದರೆ ಆಗ ಜೈಲು ಶಿಕ್ಷೆಯೂ ಇತ್ತು. ಕಾಗದದ ಮೇಲೆ ಇಷ್ಟು ಗಟ್ಟಿ ಕಾನೂನು.

ಬಶೀರ್ ಮತ್ತವರ ಜೊತೆಗಿದ್ದ ವಿದ್ಯಾರ್ಥಿಗಳು ಮಾಡಿದ್ದಿಷ್ಟೇ. ಕ್ಯಾನ್ಸರ್, ಏಡ್ಸ್, ಹೆಪಟೈಟಿಸ್ ಥರದ ಕಾಯಿಲೆಗಳ ಔಷಧ ಪೇಟೆಂಟ್‌ಗಳನ್ನು ತಗೊಂಡರು. ಅವುಗಳ ಫಾರ್ಮ್ 27 ತೋರಿಸಿ ಅಂತ ಆರ್‌ಟಿಐ ಹಾಕಿದರು. 2011ರಲ್ಲಿ ಬಂದ ಚಿತ್ರ ಹೀಗಿತ್ತು: ಎಷ್ಟೋ ಕಂಪನಿಗಳು ಫಾರ್ಮ್ ಕೊಟ್ಟೇ ಇರಲಿಲ್ಲ. ಕೊಟ್ಟವರಲ್ಲೂ ಅನೇಕರು ಅರ್ಧಂಬರ್ಧ ತುಂಬಿದ್ದರು. ದಂಡ? ಯಾರೂ ಕಟ್ಟಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಇದಕ್ಕೆ ಲ್ಯಾಬ್ ಬೇಕಿಲ್ಲ. ಅರ್ಜಿ, ಅಂಚೆ ಚೀಟಿ, ತಾಳ್ಮೆ, ಒಂದು ಎಕ್ಸೆಲ್ ಶೀಟ್ ಇದ್ದರೆ ಸಾಕು. ಐಪಿ ಸಂಶೋಧನೆ ಅಂದರೆ ನನ್ನ ಪ್ರಕಾರ ಮೊದಲು ಇದು: ಪುಸ್ತಕದಲ್ಲಿರುವ ಕಾನೂನು ಕಚೇರಿಯ ಕಡತದಲ್ಲಿ ಏನಾಗಿದೆ ಅಂತ ಹೋಗಿ ನೋಡೋದು.

ಒಂದು ಫಾರ್ಮ್ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ?

ಬೇಕು. ಬಾಯರ್ ಕಂಪನಿಯ ನೆಕ್ಸಾವರ್ ಎಂಬ ಕ್ಯಾನ್ಸರ್ ಮಾತ್ರೆಯ ಕಥೆ ಕೇಳಿ. ತಿಂಗಳ ಖರ್ಚು ಸುಮಾರು 2.8 ಲಕ್ಷ ರೂಪಾಯಿ. ಹೈದರಾಬಾದಿನ ನ್ಯಾಟ್ಕೋ ಕಂಪನಿ, "ನಮಗೆ ತಯಾರಿಸೋಕೆ ಬಿಡಿ" ಅಂತ ಕೇಳಿಕೊಂಡಿತು. 2012ರ ಮಾರ್ಚ್‌ನಲ್ಲಿ ಆಗಿನ ಪೇಟೆಂಟ್ ಕಂಟ್ರೋಲರ್ ಪಿ. ಎಚ್. ಕುರಿಯನ್ ಭಾರತದ ಮೊದಲ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇರುವವರು ಒಪ್ಪದಿದ್ದರೂ ಬೇರೆಯವರಿಗೆ ತಯಾರಿಸಲು ಸಿಗುವ ಅನುಮತಿ) ಕೊಟ್ಟರು. ಬೆಲೆ ತಿಂಗಳಿಗೆ 8,880 ರೂಪಾಯಿಗೆ ಇಳಿಯಿತು. ಔಷಧ ಎಷ್ಟು ಜನರಿಗೆ ತಲುಪಿದೆ, ಎಷ್ಟು ತಲುಪಿಲ್ಲ ಎಂದು ನೋಡುವಾಗ ಕಂಟ್ರೋಲರ್ ಮುಂದಿದ್ದ ದಾಖಲೆಗಳಲ್ಲಿ ಬಾಯರ್ ತಾನೇ ಕೊಟ್ಟಿದ್ದ ಫಾರ್ಮ್ 27 ಕೂಡ ಇತ್ತು. ಖಾಲಿ ಬಿಟ್ಟ ಕಾಲಂಗಳಿಂದ ಯಾರಿಗೆ ಲಾಭ ಅಂತ ಈಗ ಗೊತ್ತಾಯ್ತಲ್ವಾ?

ಅಧ್ಯಯನ ಮಾಡಿದ ಮೇಲೆ ಏನಾಯ್ತು?

ಕಾದರು. ಏನೂ ಆಗಲಿಲ್ಲ. 2015ರಲ್ಲಿ ಬಶೀರ್ ದೆಹಲಿ ಹೈಕೋರ್ಟಿಗೆ ಪಿಐಎಲ್ ಹಾಕಿದರು. ಫಾರ್ಮ್ ಕೊಡದವರ ಮೇಲೆ ಕ್ರಮ ತಗೊಳ್ಳಿ, ಫಾರ್ಮನ್ನೇ ಸರಿಮಾಡಿ ಅಂತ ಕೇಳಿದರು. 2018ರ ಏಪ್ರಿಲ್‌ನಲ್ಲಿ ಕೋರ್ಟು ಈ ಕೇಸ್ ಮುಗಿಸುವ ಹೊತ್ತಿಗೆ ಸರ್ಕಾರ ಫಾರ್ಮ್ ಬದಲಿಸುವ ಕೆಲಸ ಶುರು ಮಾಡಿತ್ತು.

ಆದರೆ ಮುಂದಿನದು ಅಷ್ಟು ಸಂತೋಷದ ಕಥೆಯಲ್ಲ. 2020ರಲ್ಲಿ ಬಂದ ಹೊಸ ಫಾರ್ಮ್‌ನಲ್ಲಿ ಪ್ರಮಾಣದ ಕಾಲಂ ಹೋಯಿತು. ಜನರ ಬೇಡಿಕೆ ಪೂರೈಸಿದ್ದೀರಾ ಎಂಬ ಪ್ರಶ್ನೆಯೂ ಹೋಯಿತು. 2024ರ ತಿದ್ದುಪಡಿಯ ಪ್ರಕಾರ ಪ್ರತಿ ವರ್ಷದ ಬದಲು 3 ಹಣಕಾಸು ವರ್ಷಗಳಿಗೊಮ್ಮೆ ಕೊಟ್ಟರೆ ಸಾಕು. ಉದ್ಯಮದವರಿಗೆ ಹೊರೆ ಕಡಿಮೆಯಾಯಿತು ಅನ್ನುತ್ತಾರೆ, ಅದು ನಿಜವೇ. ಆದರೆ ಹೆಚ್ಚು ಮಾಹಿತಿ ಬೇಕು ಅಂತ ಶುರುವಾದ ಹೋರಾಟ ಕಡಿಮೆ ಮಾಹಿತಿಯ ಫಾರ್ಮ್‌ನಲ್ಲಿ ಬಂದು ನಿಂತಿತು. ಪಾಠ ಮಾಡುವಾಗ ಈ ಭಾಗ ಬಿಟ್ಟುಬಿಡಬಾರದು.

ನೊವಾರ್ಟಿಸ್ ಕೇಸಿನಲ್ಲಿ ಒಬ್ಬ ಪ್ರೊಫೆಸರ್‌ಗೆ ಏನು ಕೆಲಸ? ಅವರು ಯಾರ ಪರ ವಾದ ಮಾಡಿದರು?

ಯಾರ ಪರವೂ ಅಲ್ಲ. ಅದೇ ಇಲ್ಲಿನ ವಿಶೇಷ.

ಹಿನ್ನೆಲೆ ಇಷ್ಟು. ಗ್ಲಿವೆಕ್ ನೊವಾರ್ಟಿಸ್ ಎಂಬ ಔಷಧ ಕಂಪನಿಯದು, ಒಂದು ಬಗೆಯ ರಕ್ತ ಕ್ಯಾನ್ಸರ್‌ನ ಔಷಧ. ನೊವಾರ್ಟಿಸ್ ಬೆಲೆ ತಿಂಗಳಿಗೆ ಸುಮಾರು 1.2 ಲಕ್ಷ, ಭಾರತದ ಕಂಪನಿಗಳದ್ದು ಅದರ ಹತ್ತರಲ್ಲಿ ಒಂದು ಭಾಗದಷ್ಟು. ನೊವಾರ್ಟಿಸ್ ಪೇಟೆಂಟ್ ಕೇಳಿದ್ದು ಮೂಲ ಔಷಧಕ್ಕಲ್ಲ, ಅದರ ಒಂದು ಹರಳು ರೂಪಕ್ಕೆ. ನಮ್ಮ ಕಾಯ್ದೆಯಲ್ಲಿ 2005ರಲ್ಲಿ ತಿದ್ದಿದ ಸೆಕ್ಷನ್ 3(ಡಿ) ಹೇಳೋದು: ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪೇಟೆಂಟ್ ಇಲ್ಲ, ಅದರ ಪರಿಣಾಮ ಮೊದಲಿಗಿಂತ ಹೆಚ್ಚಾಗಿದ್ದರೆ ಮಾತ್ರ ಕೊಡಬಹುದು. ಚೆನ್ನೈ ಪೇಟೆಂಟ್ ಕಚೇರಿ 2006ರಲ್ಲಿ ಅರ್ಜಿ ತಿರಸ್ಕರಿಸಿತು. ಕೇಸ್ ಮೇಲೆ ಮೇಲೆ ಹೋಗಿ ಸುಪ್ರೀಂ ಕೋರ್ಟ್ ಮುಟ್ಟಿತು.

"ಪರಿಣಾಮ" ಅಂದರೆ ಏನು? ಔಷಧ ಸುಲಭವಾಗಿ ಕರಗಿದರೆ ಸಾಕಾ? ಮೈಗೆ ಬೇಗ ಸೇರಿದರೆ ಸಾಕಾ? ಕಾಯಿಲೆ ಹೆಚ್ಚು ವಾಸಿಯಾಗಲೇಬೇಕಾ? ಕಾಯ್ದೆಯಲ್ಲಿ ಸ್ಪಷ್ಟವಾಗಿ ಹೇಳಿರಲಿಲ್ಲ. ಬಶೀರ್ ಈ ಸೆಕ್ಷನ್ ಬಗ್ಗೆ ಅಷ್ಟರಲ್ಲಿ ಹಲವು ವರ್ಷ ಬರೆದಿದ್ದರು. 2005ರ ತಿದ್ದುಪಡಿಯ ಬಗ್ಗೆ ಅವರ ಉದ್ದನೆಯ ಲೇಖನ ಬಂದದ್ದು ನಾಗರಬಾವಿಯ ಲಾ ಸ್ಕೂಲಿನ ವಿದ್ಯಾರ್ಥಿಗಳು ನಡೆಸುವ ಪತ್ರಿಕೆಯಲ್ಲೇ. ಹಾಗಾಗಿ ಕೋರ್ಟಿಗೆ ನೆರವಾಗುವ ಮಧ್ಯಪ್ರವೇಶಿಯಾಗಿ ಅವಕಾಶ ಕೇಳಿದರು, ಸಿಕ್ಕಿತು.

ಒಂದು ಕಡೆ ಕಂಪನಿ: ನಮ್ಮ ಹೊಸ ರೂಪದ ಗುಣಗಳನ್ನೆಲ್ಲ ಲೆಕ್ಕಕ್ಕೆ ತಗೊಳ್ಳಿ. ಇನ್ನೊಂದು ಕಡೆ ರೋಗಿಗಳ ಸಂಘಟನೆಯ ವಕೀಲರು: ರೋಗ ವಾಸಿ ಮಾಡುವ ಶಕ್ತಿಯನ್ನು ಮಾತ್ರ ನೋಡಿ, ಬೇರೇನೂ ಬೇಡ. ಬಶೀರ್ ಹೇಳಿದ್ದು ಬೇರೆ. ಎಲ್ಲ ಗುಣವೂ ಲೆಕ್ಕಕ್ಕೆ ಬರೋದಿಲ್ಲ, ಸರಿ. ಆದರೆ ಔಷಧದ ಅಡ್ಡ ಪರಿಣಾಮ, ವಿಷತ್ವ ಗಣನೀಯವಾಗಿ ಕಡಿಮೆಯಾಗಿದ್ದರೆ ಅದನ್ನೂ ಪರಿಗಣಿಸಬೇಕು.

2013ರ ಏಪ್ರಿಲ್ 1ರಂದು ನ್ಯಾಯಮೂರ್ತಿಗಳಾದ ಆಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ತೀರ್ಪು ಕೊಟ್ಟರು. ನೊವಾರ್ಟಿಸ್ ಸೋತಿತು. ಔಷಧದ ವಿಷಯದಲ್ಲಿ ಪರಿಣಾಮ ಅಂದರೆ ಚಿಕಿತ್ಸೆಯ ಪರಿಣಾಮ ಎಂದು ಕೋರ್ಟು ಹೇಳಿತು. ಆದರೆ ಚಿಕಿತ್ಸೆಯ ಪರಿಣಾಮ ಅನ್ನೋದರ ಎಲ್ಲೆ ಎಷ್ಟು ಅಗಲ? ಎರಡೂ ವಾದಗಳನ್ನು ತೀರ್ಪಿನಲ್ಲಿ ದಾಖಲಿಸಿ, ಅದನ್ನು ತೀರ್ಮಾನಿಸದೆ ಬಿಟ್ಟಿತು. ಈ ಕೇಸಿಗೆ ಆ ಉತ್ತರ ಬೇಕಿರಲಿಲ್ಲ.

ಪಾಠ ಮಾಡುವವನಾಗಿ ನನಗೆ ಇದು ಮುಖ್ಯ ಅನಿಸುತ್ತೆ. ವಕೀಲರಿಗೆ ಕಕ್ಷಿದಾರರಿರುತ್ತಾರೆ, ಅವರು ಗೆಲ್ಲಬೇಕು. ಪ್ರೊಫೆಸರ್‌ಗೆ ಆ ಕಟ್ಟು ಇಲ್ಲ. ಕಾಯ್ದೆಯ ಮಾತಿಗೆ ಸರಿಯಾದ ಅರ್ಥ ಯಾವುದು ಅಂತ ಮಾತ್ರ ಹೇಳಿ ಕೂರಬಹುದು, ಅದರಿಂದ ಎರಡೂ ಕಡೆಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಕಂಪನಿ ದುಡ್ಡಿನಲ್ಲಿ ಸಂಶೋಧನೆ ಮಾಡಬಹುದಾ?

ಮುಜುಗರದ ಪ್ರಶ್ನೆ, ಆದರೆ ಕೇಳಲೇಬೇಕಾದದ್ದು. ಬಶೀರ್ ವೃತ್ತಿಯಲ್ಲೇ ಇದಕ್ಕೊಂದು ಉದಾಹರಣೆ ಇದೆ.

2005ರಲ್ಲಿ ಸರ್ಕಾರ ಆರ್. ಎ. ಮಾಶೇಲ್ಕರ್ ಅಧ್ಯಕ್ಷತೆಯಲ್ಲಿ ಪೇಟೆಂಟ್ ಕಾನೂನಿನ ತಜ್ಞರ ಸಮಿತಿ ಮಾಡಿತು. ಔಷಧ ಪೇಟೆಂಟ್‌ಗಳನ್ನು ಹೊಚ್ಚ ಹೊಸ ರಾಸಾಯನಿಕಗಳಿಗೆ ಮಾತ್ರ ಸೀಮಿತಗೊಳಿಸಿದರೆ ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್‌ಗೆ ವಿರುದ್ಧವಾಗುತ್ತಾ ಅನ್ನೋದು ಪ್ರಶ್ನೆ. 2006ರ ಕೊನೆಗೆ ಬಂದ ವರದಿ, "ಹೌದು, ವಿರುದ್ಧವಾಗುತ್ತೆ" ಅಂದಿತು. ಸ್ವಲ್ಪ ದಿನಕ್ಕೇ ಹೊರಬಿದ್ದ ಸುದ್ದಿ: ವರದಿಯ ಮುಖ್ಯ ಸಾಲುಗಳನ್ನು ಬಶೀರ್ ಬರೆದಿದ್ದ ಪ್ರಬಂಧವೊಂದರಿಂದ ಹೆಚ್ಚುಕಡಿಮೆ ಹಾಗೇ ಎತ್ತಿಕೊಂಡಿದ್ದರು, ಅವರ ಹೆಸರು ಹೇಳದೆ. ಬೌದ್ಧಿಕ ಆಸ್ತಿಯ ವರದಿಯಲ್ಲೇ ಹೀಗಾದರೆ! 2007ರ ಫೆಬ್ರವರಿಯಲ್ಲಿ ವರದಿ ವಾಪಸ್ ಪಡೆದರು. ತಿದ್ದಿದ ವರದಿ 2009ರಲ್ಲಿ ಬಂತು, ನಿಲುವು ಬದಲಾಗಲಿಲ್ಲ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಆ ಪ್ರಬಂಧ ಬರೆಸಿದ್ದು ಬ್ರಿಟನ್ನಿನ ಒಂದು ಐಪಿ ಸಂಸ್ಥೆ. ಅದಕ್ಕೆ ಔಷಧ ಕಂಪನಿಗಳ ಕೂಟದ ಹಣ ಇತ್ತು ಎಂಬ ಟೀಕೆ ಬಂತು. ಟೀಕೆ ಮಾಡಿದವರದ್ದು ತಪ್ಪು ಅಂತ ನಾನು ಹೇಳಲ್ಲ. ಔಷಧದ ಬೆಲೆಯಂಥ ವಿಷಯದಲ್ಲಿ ದುಡ್ಡು ಎಲ್ಲಿಂದ ಬಂತು ಅಂತ ಓದುಗರು ಕೇಳೇ ಕೇಳುತ್ತಾರೆ. ಅದೇ ವೇಳೆ, ಸೆಕ್ಷನ್ 3(ಡಿ) ಟ್ರಿಪ್ಸ್‌ಗೆ ವಿರುದ್ಧವಲ್ಲ ಅಂತ ಬರೆದು ವಾದಿಸಿದವರೂ ಇದೇ ಬಶೀರ್. ಕಂಪನಿಗಳಿಗೆ ಹಿತವಾದ ಮಾತು ಅದಲ್ಲ.

ನಿಮಗೆ ನನ್ನ ಸಲಹೆ: ದುಡ್ಡು ತಗೊಂಡರೆ ಮೊದಲ ಪುಟದಲ್ಲೇ ಬರೆಯಿರಿ. ಕೊನೆ ಪುಟದ ಸಣ್ಣ ಅಕ್ಷರದಲ್ಲಿ ಬೇಡ.

ಜೆರಾಕ್ಸ್ ಅಂಗಡಿ ಕೇಸ್ ಅಂತಾರಲ್ಲ, ಅದೇನು?

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿ ರಾಮೇಶ್ವರಿ ಫೋಟೋಕಾಪಿ ಸರ್ವಿಸ್ ಎಂಬ ಅಂಗಡಿ. ಮೇಷ್ಟ್ರು ಹೇಳಿದ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ, ಒಟ್ಟಿಗೆ ಬೈಂಡ್ ಮಾಡಿ ಕೊಡುತ್ತಿದ್ದರು. ಪುಟಕ್ಕೆ 40 ಪೈಸೆ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಪ್ರಕಾಶನಗಳು ಅಂಗಡಿ ಮತ್ತು ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿದವು.

ವಿದ್ಯಾರ್ಥಿಗಳ ಒಂದು ಸಂಘ ಕೋರ್ಟಿಗೆ ಬಂತು. ಅಧ್ಯಾಪಕರ ಒಂದು ಸಂಘವೂ ಬಂತು, ಅದರ ಹಿಂದೆ ಬಶೀರ್ ಇದ್ದರು. ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಪಾಠದ ಸಲುವಾಗಿ ಮೇಷ್ಟ್ರು ಅಥವಾ ವಿದ್ಯಾರ್ಥಿ ನಕಲು ಮಾಡಿದರೆ ಉಲ್ಲಂಘನೆ ಆಗೋದಿಲ್ಲ. ಅಂಗಡಿಯವನು ಮಾಡಿಕೊಟ್ಟರೆ? 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಪ್ರಕಾಶಕರ ದಾವೆ ವಜಾ ಮಾಡಿದರು. ಕಾಪಿರೈಟ್ ಅನ್ನೋದು ದೇವರು ಕೊಟ್ಟ ಹಕ್ಕಲ್ಲ, ಲೇಖಕನಿಗೆ ಪೂರ್ತಿ ಒಡೆತನ ಕೊಡುವಂಥದ್ದೂ ಅಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಡಿಸೆಂಬರ್‌ನಲ್ಲಿ ದ್ವಿಸದಸ್ಯ ಪೀಠ ಕೂಡ ಪಾಠಕ್ಕಾಗಿ ಮಾಡುವ ನಕಲಿನ ಹಕ್ಕನ್ನು ಎತ್ತಿಹಿಡಿಯಿತು. 2017ರಲ್ಲಿ ಪ್ರಕಾಶಕರೇ ಕೇಸ್ ಕೈಬಿಟ್ಟರು.

ಇಡೀ ಪುಸ್ತಕ ಜೆರಾಕ್ಸ್ ಮಾಡಿ ಮಾರಬಹುದು ಅಂತ ಇದರ ಅರ್ಥ ಅಲ್ಲ. ಈ ತಪ್ಪು ಕಲ್ಪನೆ ನಮ್ಮ ಕಾಲೇಜುಗಳ ಸುತ್ತಮುತ್ತ ಜಾಸ್ತಿ ಇದೆ.

ಇವೆಲ್ಲ ಬಿಟ್ಟು ಬೇರೆ ಏನು ಮಾಡಿದರು?

ಚೆನ್ನೈನಲ್ಲಿದ್ದ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಸದಸ್ಯರನ್ನು ನೇಮಿಸುವ ರೀತಿ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂತ ಕೇಸ್ ಹಾಕಿದರು. ಮದ್ರಾಸ್ ಹೈಕೋರ್ಟು 2015ರಲ್ಲಿ ಕೆಲವು ನಿಯಮಗಳನ್ನು ರದ್ದು ಮಾಡಿತು. 2021ರಲ್ಲಿ ಸರ್ಕಾರ ಮಂಡಳಿಯನ್ನೇ ಮುಚ್ಚಿತು.

2005ರಲ್ಲಿ ಶುರು ಮಾಡಿದ ಸ್ಪೈಸಿ ಐಪಿ ಎಂಬ ಬ್ಲಾಗ್ ಇವತ್ತಿಗೂ ನಡೆಯುತ್ತಿದೆ. ಐಪಿ ಓದುವವರು ದಿನಾ ಅಲ್ಲಿಗೆ ಹೋಗಿ ಬರುತ್ತಾರೆ. ಬರೆಯುವವರಲ್ಲಿ ಬಹಳಷ್ಟು ಮಂದಿ ವಿದ್ಯಾರ್ಥಿಗಳು.

2010ರಲ್ಲಿ ಐಡಿಐಎ ಎಂಬ ಸಂಸ್ಥೆ ಕಟ್ಟಿದರು. ಬಡವರ ಮಕ್ಕಳು, ಹಳ್ಳಿಯವರು, ಕಣ್ಣು ಕಾಣದವರು ರಾಷ್ಟ್ರೀಯ ಲಾ ಕಾಲೇಜುಗಳಿಗೆ ಬರೋದೇ ಇಲ್ಲವಲ್ಲ ಅನ್ನೋದು ಅದರ ಚಿಂತೆ. ಆ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಸಿಎಲ್‌ಎಟಿಗೆ ತಯಾರಿ ಮಾಡಿಸುತ್ತಾರೆ, ಸೀಟು ಸಿಕ್ಕ ಮೇಲೂ ಫೀಸು, ಇಂಗ್ಲಿಷ್, ಲ್ಯಾಪ್‌ಟಾಪ್ ಅಂತ ಬೆನ್ನಿಗಿರುತ್ತಾರೆ. ಕರ್ನಾಟಕದಲ್ಲೂ ಅದರ ತಂಡ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳ ಮನೆಯವರು ಇದನ್ನು ತಿಳಿದಿರೋದು ಒಳ್ಳೆಯದು. ಸಿಎಲ್‌ಎಟಿ ಪರೀಕ್ಷೆಯ ಗೊಂದಲಗಳ ವಿರುದ್ಧವೂ 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಈಗ ಆ ಪರೀಕ್ಷೆ ನಡೆಸೋದು 2017ರಲ್ಲಿ ಹುಟ್ಟಿದ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ.

ಅವರ ಹುದ್ದೆಗೆ "ಎಚ್‌ಆರ್‌ಡಿ ಚೇರ್ ಪ್ರೊಫೆಸರ್" ಅಂತಿತ್ತು. ಹಾಗಂದ್ರೆ?

ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಐಪಿ ಪಾಠ, ಸಂಶೋಧನೆಗೆ ಅಂತಲೇ ಹಣ ಕೊಟ್ಟು ಕೆಲವು ವಿಶ್ವವಿದ್ಯಾಲಯಗಳಲ್ಲಿ ಪೀಠ ಸ್ಥಾಪಿಸಿತ್ತು. ಬೆಂಗಳೂರು ಲಾ ಸ್ಕೂಲಿನಲ್ಲೂ ಇತ್ತು. ಈಗ ಈ ಯೋಜನೆ ವಾಣಿಜ್ಯ ಸಚಿವಾಲಯದ ಡಿಪಿಐಐಟಿ ಎಂಬ ಇಲಾಖೆಯ ಕೈಯಲ್ಲಿದೆ, ಹೆಸರು ಸ್ಪೃಹಾ.

ಸೈನ್ಸ್ ಓದಿಲ್ಲ. ಪೇಟೆಂಟ್ ಪಾಠ ಮಾಡಬಹುದಾ?

ಧಾರಾಳವಾಗಿ. ಪೇಟೆಂಟ್ ಏಜೆಂಟ್ ಪರೀಕ್ಷೆ ಬರೆಯೋಕೆ ಮಾತ್ರ ಸೈನ್ಸ್ ಅಥವಾ ಎಂಜಿನಿಯರಿಂಗ್ ಡಿಗ್ರಿ ಬೇಕು. ಪಾಠಕ್ಕೆ, ಸಂಶೋಧನೆಗೆ, ಕೋರ್ಟಿನಲ್ಲಿ ವಾದ ಮಾಡೋಕೆ ಬೇಡ. ಆದರೆ ಹರಳು ರೂಪ ಅಂದರೇನು ಅಂತ ಯಾರನ್ನಾದರೂ ಕೇಳಿ ತಿಳಿದುಕೊಳ್ಳೋಕೆ ನಾಚಿಕೆ ಪಡಬಾರದು. ನಿಮ್ಮ ಕಾಲೇಜಿನ ಪಕ್ಕದಲ್ಲೇ ಕೆಮಿಸ್ಟ್ರಿ ವಿಭಾಗ ಇರುತ್ತೆ, ಒಂದು ಕಪ್ ಚಹಾ ಕೊಡಿಸಿ.

ಕರ್ನಾಟಕದಲ್ಲಿ ಐಪಿ ಮೇಷ್ಟ್ರಾಗೋ ದಾರಿ ಯಾವುದು? ಸಂಬಳ ಎಷ್ಟು?

ಎಲ್‌ಎಲ್‌ಬಿ, ಆಮೇಲೆ ಎಲ್‌ಎಲ್‌ಎಂ. ಎಲ್‌ಎಲ್‌ಎಂನಲ್ಲಿ ಶೇ. 55 ಅಂಕ ಬೇಕು, ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಅದರ ಜೊತೆ ಯುಜಿಸಿ ನೆಟ್ ಅಥವಾ ಕೆಇಎ ನಡೆಸುವ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ಪಿಎಚ್‌ಡಿ ಇದ್ದರೆ ಮುಂದಿನ ಮೆಟ್ಟಿಲು ಸುಲಭ. ಯುಜಿಸಿ ವೇತನ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700 ರೂಪಾಯಿಯಿಂದ ಶುರು. ಖಾಸಗಿ ಕಾಲೇಜುಗಳಲ್ಲಿ ಎಷ್ಟೋ ಕಡೆ ಇದರ ಅರ್ಧವೂ ಸಿಗೋದಿಲ್ಲ, ಅತಿಥಿ ಉಪನ್ಯಾಸಕರ ಪಾಡು ನಿಮಗೇ ಗೊತ್ತು. ಐಪಿ ಲಾ ಫರ್ಮ್‌ಗಳಲ್ಲಿ ಹಣ ಇದಕ್ಕಿಂತ ಹೆಚ್ಚು. ಈ ವ್ಯತ್ಯಾಸ ಗೊತ್ತಿದ್ದೇ ಬನ್ನಿ.

ಬಶೀರ್ ಥರ ಮೊದಲು ಒಂದಷ್ಟು ವರ್ಷ ವಕೀಲಿಕೆ ಮಾಡಿದರೆ ನಷ್ಟ ಇಲ್ಲ. ಒಂದು ಕಡತ ಕಚೇರಿಯಲ್ಲಿ ಹೇಗೆ ಮೇಜಿಂದ ಮೇಜಿಗೆ ಹೋಗುತ್ತೆ ಅಂತ ನೋಡಿದವರು ಬರೆಯುವ ಲೇಖನವೇ ಬೇರೆ ಥರ ಇರುತ್ತೆ.

ಸಂಶೋಧನೆಗೆ ನಮ್ಮ ಊರಿನ ವಿಷಯ ಸಿಗುತ್ತಾ?

ಬೇಕಾದಷ್ಟು. ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ, ಉಡುಪಿಯ ಮಟ್ಟು ಗುಳ್ಳ, ನಂಜನಗೂಡಿನ ರಸಬಾಳೆ ಎಲ್ಲಕ್ಕೂ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಇದೆ. ಇವುಗಳ ಬಗ್ಗೆ ಬರುವ ಹೆಚ್ಚಿನ ಪ್ರಬಂಧಗಳು ಟ್ಯಾಗ್ ಸಿಕ್ಕಿತು ಅಂತ ಸಂಭ್ರಮಿಸಿ ಮುಗಿದುಬಿಡುತ್ತವೆ. ಅಧಿಕೃತ ಬಳಕೆದಾರರಾಗಿ ಎಷ್ಟು ಬೆಳೆಗಾರರು, ಕುಶಲಕರ್ಮಿಗಳು ನೋಂದಾಯಿಸಿದ್ದಾರೆ? ಅವರ ಕೈಗೆ ಬರುವ ಬೆಲೆ ಬದಲಾಯಿತಾ? ಫಾರ್ಮ್ 27ಕ್ಕೆ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳಿ. ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಗೆ ಆರ್‌ಟಿಐ ಹಾಕಿ, ಆಮೇಲೆ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ಬನ್ನಿ.

ಅವರು ಈಗ ಇಲ್ಲ ಅಂತ ಕೇಳಿದ್ದೇವೆ...

ಹೌದು. 2019ರ ಆಗಸ್ಟ್‌ನಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ಹತ್ತಿರ ತೀರಿಕೊಂಡರು. 43 ವರ್ಷ ವಯಸ್ಸು. ಸಾವಿನ ಬಗ್ಗೆ ಊಹಾಪೋಹದ ಮಾತುಗಳು ಓಡಾಡುತ್ತವೆ, ಅವುಗಳಿಗೆ ಇಲ್ಲಿ ಜಾಗ ಕೊಡೋದಿಲ್ಲ.

ಫಾರ್ಮ್ 27 ನಾವೇ ನೋಡಬಹುದಾ, ಈಗಲೂ ಆರ್‌ಟಿಐ ಬೇಕಾ?

ಬಹುತೇಕ ಬೇಡ. ಭಾರತೀಯ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲೇ ಹುಡುಕಬಹುದು. ಮನೆಯಲ್ಲಿ ಯಾರಾದರೂ ತಗೊಳ್ಳುತ್ತಿರುವ ದುಬಾರಿ ಔಷಧದ ಹೆಸರಿನಿಂದ ಶುರು ಮಾಡಿ. ಮೊದಲು ಅದರ ಪೇಟೆಂಟ್ ನಂಬರ್ ಹುಡುಕಬೇಕು. ಇದು ಸ್ವಲ್ಪ ಕಷ್ಟ, ಯಾಕಂದ್ರೆ ಪೇಟೆಂಟ್‌ನಲ್ಲಿ ಬ್ರಾಂಡ್ ಹೆಸರು ಇರೋದಿಲ್ಲ. ಔಷಧದ ಮೂಲ ಹೆಸರು ಮತ್ತು ಕಂಪನಿಯ ಹೆಸರು ಎರಡನ್ನೂ ಹಾಕಿ ನೋಡಿ. ಒಂದೇ ಔಷಧಕ್ಕೆ ಹಲವು ಪೇಟೆಂಟ್ ಇರೋದು ಮಾಮೂಲಿ, ಎಲ್ಲವನ್ನೂ ಬರೆದುಕೊಳ್ಳಿ. ನಂಬರ್ ಸಿಕ್ಕ ಮೇಲೆ ವರ್ಷ ವರ್ಷದ ಫಾರ್ಮ್ ತೆಗೆದು, ಯಾವ ಕಾಲಂ ಖಾಲಿ ಇದೆ ಅಂತ ಪಟ್ಟಿ ಮಾಡಿ. 2020ಕ್ಕಿಂತ ಹಿಂದಿನವನ್ನು ಮೊದಲು ನೋಡಿ, ಅವುಗಳಲ್ಲೇ ವಿವರ ಜಾಸ್ತಿ.